ಸಂತೆಗೆ ಜನಸಾಗರ, ಚಿತ್ರಶಾಲೆಗೆ ಯಾರು?

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ವರ್ಷಕ್ಕೊಮ್ಮೆ, ಬಹುಮಟ್ಟಿಗೆ ಜನವರಿ ತಿಂಗಳ ಒಂದು ಭಾನುವಾರ, ಚಿತ್ರಸಂತೆ ಕೂಡುವದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಕರ್ನಾಟಕ ಚಿತ್ರಕಲಾ ಪರಿಷತ್ತು ಎರಡು ದಶಕಗಳಿಂದ ಇದನ್ನು ನಡೆಯಿಸುತ್ತ ಬಂದಿದೆ. 2021ರಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಬೀದಿಯಲ್ಲಿ ಕೂಡಲಾಗದೆ ಹೋದಾಗಲೂ ಅಂತರ್ಜಾಲದ ಮೂಲಕ ಸಂತೆಯನ್ನು ತಪ್ಪಿಸದೆ ನೆರವೇರಿಸಿತು. ಸಂತೆಯ ದಿನ ಆ ರಸ್ತೆಯಲ್ಲಿ ವಾಹನಗಳ ಗದ್ದಲ ಅಡಗುತ್ತದೆ. ಎರಡೂ ಬದಿಗೆ ಸಾವಿರಕ್ಕೂ ಮಿಕ್ಕ ಕಲಾವಿದರು ತಮ್ಮ ಕೃತಿಗಳನ್ನು ಹರಡಿಕೊಂಡು ಕೂಡುತ್ತಾರೆ. ಬಂಗಾರದ ರೇಕು ಹಚ್ಚಿದ ಮೈಸೂರು ಶೈಲಿಯ ದೇವರುಗಳುಂಟು, ಜಲವರ್ಣದ ಹಳ್ಳಿಗಳುಂಟು, ಹೆಸರಿಡಲಾಗದ ಹೊಸ ರೀತಿಯ ಚಿತ್ರಗಳುಂಟು. ಎದುರಿಗೆ ಕುಳಿತವರ ಮೋರೆಯನ್ನು ನೋಡನೋಡುತ್ತ ಕಾಗದಕ್ಕಿಳಿಸುವ ತರುಣರೂ ಉಂಟು. ಜನವೋ ಜನ! ಸಂಜೆಯ ಹೊತ್ತಿಗೆ ಕಾಲಿಡಲು ಸ್ಥಳವಿರುವದಿಲ್ಲ.

ಮೊದಲೇ ಹೇಳಿಬಿಡುತ್ತೇವೆ: ಈ ಸಂತೆಯ ಮೇಲೆ ನಮಗೆ ಮುನಿಸಿಲ್ಲ. ಧನಿಕರ ದಿವಾನಖಾನೆಯಲ್ಲಿ ಬಾಗಿಲಿಕ್ಕಿಕೊಂಡು ಕುಳಿತಿದ್ದ ಕಲೆಯನ್ನು ಕೈಹಿಡಿದು ಬೀದಿಗೆ ಕರೆತಂದವರಿಗೆ ನಮ್ಮ ವಂದನೆಗಳು ಸಲ್ಲುತ್ತವೆ. ಮುಂಬಯಿಯ ಕಾಲಾ ಘೋಡಾ ಉತ್ಸವವು 1999ರಿಂದ ಆ ನಗರದ ಬೀದಿಯಲ್ಲಿ ಏನನ್ನು ಸಾಧಿಸಿದೆಯೋ ಅದಕ್ಕಿಂತ ಕಡಿಮೆಯಲ್ಲದ ಕಾರ್ಯವನ್ನು ನಮ್ಮವರು ಇಲ್ಲಿ ಸಾಧಿಸಿದ್ದಾರೆ. ನಮ್ಮ ಜಗಳವು ಸಂತೆಯ ಒಂದು ದಿನದೊಡನೆ ಅಲ್ಲ. ಉಳಿದ 364 ದಿನಗಳೊಡನೆ.

ಸಂತೆಯಲ್ಲಿ ನಾವು ಕಂಡುದನ್ನು ಇದ್ದಕ್ಕಿದ್ದಂತೆ ಬರೆಯುತ್ತೇವೆ. ಬಂದವರಲ್ಲಿ ಬಹುಮಂದಿ ಚಿತ್ರಕ್ಕೆ ಬೆನ್ನು ಮಾಡಿ ನಿಂತಿದ್ದರು. ಏಕೆಂದರೆ, ಚಿತ್ರದ ಮುಂದೆ ತಾವು ನಿಂತ ಚಿತ್ರವನ್ನು ಮೊಬೈಲಿನಲ್ಲಿ ಹಿಡಿಯಬೇಕಾಗಿತ್ತು! ಒಬ್ಬ ಮಹಾಶಯರು ಎರಡು ಸಾವಿರ ರೂಪಾಯಿ ಹೇಳಿದ ಜಲವರ್ಣಕ್ಕೆ ಐದು ನೂರು ಕೇಳಿದರು. ಚೌಕಟ್ಟಿಗೇ ಅಷ್ಟಾಗುವದೆಂದು ಕಲಾವಿದನು ಹೇಳಲು, ಹಾಗಾದರೆ ಚೌಕಟ್ಟು ಬೇಡವೆಂದರು. ಉತ್ತರದ ಸೀಮೆಯಿಂದ ರಾತ್ರಿಯ ಗಾಡಿ ಹಿಡಿದು ಬಂದಿದ್ದ ಆ ಕಲಾವಿದನು ಸಿಟ್ಟಾಗಲಿಲ್ಲ. "ಕೊಳ್ಳದಿದ್ದರ ಚಿಂತಿಲ್ಲರೀ, ಒಂದು ಗಳಿಗಿ ನಿಂತು ನೋಡ್ರಿ" ಎಂದನು. ಆದರೆ ಅವರು ಅಷ್ಟರಲ್ಲಿ ಮುಂದಿನ ಅಂಗಡಿಗೆ ಹೋಗಿಬಿಟ್ಟಿದ್ದರು.

ಅದೇ ವಾರದ ಬುಧವಾರ ನಾವು ನಗರದ ಒಂದು ಚಿತ್ರಶಾಲೆಗೆ ಹೋದೆವು. ವಿಶಾಲವಾದ ಕೋಣೆಗಳು, ಒಳ್ಳೆಯ ಬೆಳಕು, ಗೋಡೆಯ ಮೇಲೆ ಕನ್ನಡನಾಡಿನ ಹೆಸರಾಂತ ಕಲಾವಿದರ ಕೃತಿಗಳು. ಒಂದು ತಾಸಿನ ಅವಧಿಯಲ್ಲಿ ಅಲ್ಲಿ ನಮ್ಮನ್ನುಳಿದು ಇದ್ದವನು ಕಾವಲುಗಾರನೊಬ್ಬನೇ. ಭಾನುವಾರದ ಆ ಜನಸಮುದ್ರವು ಮೂರು ದಿನಗಳಲ್ಲಿ ಎಲ್ಲಿ ಇಂಗಿಹೋಯಿತು?

ಸ್ಥಳವಿಲ್ಲವೆಂಬ ನೆವವನ್ನು ಬೆಂಗಳೂರಿಗರು ಹೇಳುವಂತಿಲ್ಲ. ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿಯೇ ರೋರಿಕ್‌ರ ಹಿಮಾಲಯವುಂಟು, ಮೈಸೂರು ಸಂಪ್ರದಾಯದ ಚಿತ್ರಗಳುಂಟು, ತೊಗಲುಗೊಂಬೆಗಳುಂಟು. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವು 2009ರಲ್ಲಿಯೇ ತೆರೆಯಿತು. ಕಸ್ತೂರಬಾ ರಸ್ತೆಯಲ್ಲಿ 1865ರಷ್ಟು ಹಿಂದೆ ಸ್ಥಾಪಿತವಾದ ಸರಕಾರಿ ವಸ್ತುಸಂಗ್ರಹಾಲಯ, ಅದರ ಮಗ್ಗುಲಿಗೆ ವೆಂಕಟಪ್ಪ ಚಿತ್ರಶಾಲೆ; ಅದೇ ರಸ್ತೆಯಲ್ಲಿ 2023ರಲ್ಲಿ ಕಲೆ ಮತ್ತು ಛಾಯಾಚಿತ್ರಗಳ ಹೊಸ ಸಂಗ್ರಹಾಲಯವೊಂದು ಬಾಗಿಲು ತೆರೆದಿದೆ. ಮನೆಗಳಿವೆ, ಬರುವವರು ಬೇಕಾಗಿದ್ದಾರೆ.

ನೋಡುವದೂ ಒಂದು ವಿದ್ಯೆಯೆಂಬುದನ್ನು ನಾವು ಮರೆತಿರುವದೇ ಈ ಅನರ್ಥಕ್ಕೆ ಮೂಲ. ರಾಮನವಮಿಯ ಕಚೇರಿಗಳಲ್ಲಿ ನಮ್ಮ ಜನರು ಮೂರು ತಾಸು ಅಲುಗಾಡದೆ ಕೂಡುತ್ತಾರೆ; ತಪ್ಪಿದ ತಾಳವು ಸಾಮಾನ್ಯ ಗುಮಾಸ್ತನ ಕಿವಿಗೂ ಚುಚ್ಚುತ್ತದೆ. ಅವನಿಗೆ ಸಂಗೀತಶಾಸ್ತ್ರವನ್ನು ಯಾರು ಕಲಿಸಿದರು? ಯಾರೂ ಕಲಿಸಲಿಲ್ಲ, ಬಾಲ್ಯದಿಂದ ಕೇಳಿ ಕೇಳಿ ಕಿವಿ ಹದವಾಯಿತು. ಕಣ್ಣಿಗೆ ಅಂಥ ಹದವನ್ನು ನಾವು ಕೊಟ್ಟೆವೇ? ಕೆ. ವೆಂಕಟಪ್ಪನವರು (1886–1965) ಕಲಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಿಂದ ಚಿತ್ರವಿದ್ಯೆಯನ್ನು ಪಡೆದರು. ಮೈಸೂರಿನಲ್ಲಿ ವೀಣೆ ಶೇಷಣ್ಣನವರಿಂದ ವೀಣೆಯನ್ನು ಕಲಿತರು. ಒಂದೇ ದೇಹದಲ್ಲಿ ಕಣ್ಣು ಕಿವಿಗಳೆರಡೂ ತಪಸ್ಸು ಮಾಡಿದವು. ಅವರು ಬರೆದ ಉದಕಮಂಡಲದ ಜಲವರ್ಣದ ಎದುರು ಅರೆಗಳಿಗೆ ನಿಂತವನಿಗೆ ಬರಿಯ ಮಂಜು ಕಾಣುವದು. ಹತ್ತು ನಿಮಿಷ ನಿಂತವನಿಗೆ ಆ ಮಂಜಿನೊಳಗಿನ ಬೆಳಕು ಕಾಣುವದು. ನೂಕುನುಗ್ಗಲಿನ ಸಂತೆಯಲ್ಲಿ ಆ ಹತ್ತು ನಿಮಿಷ ಎಲ್ಲಿಂದ ದೊರೆಯಬೇಕು? ಅದು ದೊರೆಯುವದು ಚಿತ್ರಶಾಲೆಯ ಮೌನದಲ್ಲಿ, ಮತ್ತೆ ಮತ್ತೆ ಹೋದವನಿಗೆ.

ಸಾಮಾನ್ಯ ಜನರಿಗೆ ಇದೆಲ್ಲ ತಿಳಿಯದೆಂದು ಮೂಗು ಮುರಿಯುವ ಪಂಡಿತರಿದ್ದಾರೆ. ಇದಕ್ಕಿಂತ ಹಸಿ ಸುಳ್ಳು ಇನ್ನೊಂದಿಲ್ಲ. ಅಂಗಳದಲ್ಲಿ ಚುಕ್ಕಿ ತಪ್ಪದಂತೆ ರಂಗವಲ್ಲಿ ಇಡುವವಳು ಸಾಮಾನ್ಯ ಹೆಣ್ಣುಮಗಳಲ್ಲವೇ? ಹರಕು ಸೀರೆಗಳ ಚೂರುಗಳನ್ನು ಬಣ್ಣಕ್ಕೆ ಬಣ್ಣ ಹೊಂದಿಸಿ ಕೌದಿ ಹೊಲಿಯುವ ಮುದುಕಿ ಯಾವ ಕಲಾಶಾಲೆಯಲ್ಲಿ ಓದಿದಳು? ಇಂಥವರ ಮಕ್ಕಳು ಚಿತ್ರಶಾಲೆಯ ಮೆಟ್ಟಿಲೇರಲು ಹಿಂಜರಿಯುತ್ತಿದ್ದರೆ ತಪ್ಪು ಅವರದಲ್ಲ, ಮೆಟ್ಟಿಲಿನದು.

ಆ ಮೆಟ್ಟಿಲಿನ ಮಾತನ್ನೂ ಆಡಿಯೇ ತೀರಬೇಕು. ನಾವು ಹೋದ ಚಿತ್ರಶಾಲೆಯಲ್ಲಿ ಚಿತ್ರಗಳ ಕೆಳಗಿನ ವಿವರಣೆಗಳಲ್ಲಿ ಬಹುಪಾಲು ಇಂಗ್ಲೀಷಿನಲ್ಲಿಯೇ ಇದ್ದವು; ಕೆಲವೆಡೆ ಕನ್ನಡದಲ್ಲಿ ಕಲಾವಿದನ ಹೆಸರು ಮಾತ್ರ. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು, ಕಲಬುರ್ಗಿಯ ಎಸ್. ಎಂ. ಪಂಡಿತರು ಮುಂಬಯಿಯಲ್ಲಿ ಕೀರ್ತಿ ಪಡೆದುದನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅಂಥವರ ಕೈವಾಡವನ್ನು ಕನ್ನಡದ ರಾಜಧಾನಿಯಲ್ಲಿ ಕನ್ನಡದ ಹುಡುಗನು ಕನ್ನಡದಲ್ಲಿ ಓದಿ ತಿಳಿಯಲಾರನೆಂದರೆ, ಆ ಅಭಿಮಾನಕ್ಕೆ ಅರ್ಥವೇನು? ಇಂಗ್ಲೀಷ್ ಬೇಡವೆಂದು ನಾವು ಹೇಳುತ್ತಿಲ್ಲ. ಪರದೇಶದ ಅತಿಥಿಗೆ ಎಲೆ ಹಾಕುವವರು ಮನೆಯ ಮಗನನ್ನು ಉಪವಾಸ ಕೆಡವಬಾರದೆಂದಷ್ಟೇ ಹೇಳುತ್ತೇವೆ.

ಹೋಗದಿದ್ದರೆ ಏನು ಹಾಳಾಯಿತೆಂದು ಕೇಳುವವರಿಗೆ ಒಂದು ಸಂಗತಿಯನ್ನು ನೆನಪಿಸುತ್ತೇವೆ. ವೆಂಕಟಪ್ಪ ಚಿತ್ರಶಾಲೆಯನ್ನು ಒಂದು ಖಾಸಗಿ ಪ್ರತಿಷ್ಠಾನದ ದತ್ತಕ್ಕೆ ಒಪ್ಪಿಸಲು ಸರಕಾರವು ಒಡಂಬಡಿಕೆ ಮಾಡಿಕೊಂಡಾಗ, 2016ರಲ್ಲಿ ನಗರದ ಕಲಾವಿದರು ಅದರ ವಿರುದ್ಧ ಎದ್ದು ನಿಂತರು. ಜನರ ಸ್ವತ್ತು ಜನರ ಕೈಯಲ್ಲಿಯೇ ಇರಬೇಕೆಂದು ಪ್ರತಿಭಟಿಸಿದರು. ಆ ಒಡಂಬಡಿಕೆಯ ಗುಣದೋಷಗಳು ಹೇಗಾದರೂ ಇರಲಿ. ಸಂತೆಯಲ್ಲಿ ಕಿಕ್ಕಿರಿಯುವ ಸಹಸ್ರಾರು ನಾಗರಿಕರಲ್ಲಿ ಎಷ್ಟು ಮಂದಿಗೆ ಆ ಸುದ್ದಿ ತಮ್ಮ ಮನೆಯ ಸುದ್ದಿಯೆಂದು ತೋರಿತು? ಜನರು ಕಾಲಿಡದ ಮನೆಗೆ ಜನರೇ ಒಡೆಯರೆಂದರೆ ಯಾವ ಸರಕಾರವು ನಂಬುವದು? ಇಂದು ಬರಿದಾಗಿರುವ ಕೋಣೆಯನ್ನು ನಾಳೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಎದ್ದು ಕೂಗುವ ಹಕ್ಕು, ಇಂದು ಹೋಗಿ ನೋಡಿದವರಿಗೆ ಮಾತ್ರ ಉಳಿಯುವದು.

ಆದುದರಿಂದ ನಮ್ಮ ಬೇಡಿಕೆಗಳು ಸರಳವಾಗಿವೆ. ಚಿತ್ರಶಾಲೆಗಳು ಪ್ರತಿಯೊಂದು ಚಿತ್ರದ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಿಸಲಿ. ವಾರಕ್ಕೊಂದು ದಿನವಾದರೂ, ಕೆಲಸ ಮುಗಿಸಿ ಬರುವವರ ಸಲುವಾಗಿ, ರಾತ್ರಿಯ ವರೆಗೆ ಬಾಗಿಲು ತೆರೆದಿಡಲಿ. ಶಾಲೆಯ ಉಪಾಧ್ಯಾಯರು ಪ್ರವಾಸವೆಂದರೆ ಜಲಕ್ರೀಡೆಯ ತೋಟವೆಂದು ತಿಳಿಯದೆ, ಮಕ್ಕಳನ್ನು ವರ್ಷಕ್ಕೊಮ್ಮೆ ಚಿತ್ರಗಳ ಮುಂದೆ ಕೂಡಿಸಲಿ. ಸಂತೆಗೆ ಹೋಗುವವರು ಬರಿಗೈಯಲ್ಲಿ ಮರಳದಿರಲಿ. ಬಸವನಗುಡಿಯ ಕಡಲೆಕಾಯಿ ಪರಿಷೆಯಿಂದ ಒಂದು ಸೇರು ಕಾಯಿಯನ್ನಾದರೂ ಕಟ್ಟಿಕೊಳ್ಳದೆ ಯಾರು ಮನೆಗೆ ಬರುತ್ತಾರೆ? ಚಿತ್ರಸಂತೆಯಲ್ಲಿ ಕೆಲವೇ ನೂರು ರೂಪಾಯಿಗೂ ಒಳ್ಳೆಯ ಕೃತಿಗಳು ದೊರೆಯುತ್ತವೆ.

ಇನ್ನು ನಮ್ಮ ಬಳಗದ ಮಾತು. ಕನ್ನಡದ ಪತ್ರಿಕೆಗಳು ಚಲಚ್ಚಿತ್ರಕ್ಕೆ ಪುಟಗಟ್ಟಲೆ ಕೊಡುತ್ತವೆ. ಚಿತ್ರಪ್ರದರ್ಶನಕ್ಕೆ ಮೂಲೆಯಲ್ಲಿ ಮೂರು ಗೆರೆ. ನಾವೂ ಈ ಅಪರಾಧದಲ್ಲಿ ಪಾಲುಗಾರರೇ. ಸ್ವಾತಂತ್ರ್ಯದ ಹೋರಾಟದಲ್ಲಿ ಬೆಂದು, ತಾಯಿನಾಡು ಪತ್ರಿಕೆಯ ಸಂಪಾದಕರಾಗಿ ದುಡಿದು, ಕಡೆಗೆ ಕುಂಚವನ್ನು ಹಿಡಿದು ಬೆಂಗಳೂರಿನ ಹೂಮರಗಳನ್ನು ಬಣ್ಣದಲ್ಲಿ ಉಳಿಸಿಹೋದ ರುಮಾಲೆ ಚನ್ನಬಸವಯ್ಯನವರ (1910–1988) ವೃತ್ತಿಬಾಂಧವರು ನಾವು. ಅವರು ಬರೆದ ಮರಗಳಲ್ಲಿ ಎಷ್ಟೋ ಇಂದು ಬೀದಿಯಲ್ಲಿ ಉಳಿದಿಲ್ಲ, ಚಿತ್ರದಲ್ಲಿ ಉಳಿದಿವೆ. ಅವನ್ನು ನೋಡಲು ಹೋಗದಿದ್ದರೆ ಎರಡನೆಯ ಸಲ ಕಡಿದಂತೆಯೇ ಸರಿ.

ಬೆಂಗಳೂರಿನ ನಾಗರಿಕರೇ, ಮುಂದಿನ ಚಿತ್ರಸಂತೆಯ ವರೆಗೆ ಕಾಯಬೇಡಿರಿ. ಈ ವಾರ ಮಗನನ್ನೋ ಮಗಳನ್ನೋ ಕರೆದುಕೊಂಡು ಯಾವುದಾದರೊಂದು ಚಿತ್ರಶಾಲೆಗೆ ಹೋಗಿರಿ. ಮೊಬೈಲನ್ನು ಜೇಬಿನಲ್ಲಿರಿಸಿ, ಒಂದೇ ಒಂದು ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಿರಿ. ಆ ಉತ್ತರಸೀಮೆಯ ಕಲಾವಿದನು ಬೇಡಿದ್ದೂ ಅಷ್ಟನ್ನೇ.