ಅಂತೆ-ಕಂತೆಗಳ ಸಂತೆಯಲ್ಲಿ ಕಂಡವರಾರು?

ಮಿಲಿಟರಿ ನೆಲೆಯ ಹತ್ತಿರ ಆಕಾಶದಾಗ ಏನೋ ಹೊಳೀತಂತೆ, ಏನೋ ಇಳೀತಂತೆ. ಇಂಥ ಸುದ್ದಿ ನಮ್ಮ ಜತ್ತ ತಾಲೂಕಿನ ಸಂತೆಗೆ ಬಂದರೆ ದಾಳಿಂಬೆ ದರಕ್ಕಿಂತ ಬೇಗ ಹಬ್ಬುತ್ತದೆ. ಹೇಳಿದವನನ್ನು ‘ನೀ ಕಂಡೀ ಏನಪಾ?’ ಎಂದು ಕೇಳಿ ನೋಡಿರಿ. ಅವನು ಕಂಡಿರುವುದಿಲ್ಲ, ಅವನ ಬೀಗರ ಊರಿನವನೊಬ್ಬ ಕಂಡಿರುತ್ತಾನೆ. ಆ ಊರಿಗೆ ಹೋದರೆ ಅವನೂ ಮತ್ತೊಬ್ಬನ ಕಡೆ ಬೆರಳು ಮಾಡುತ್ತಾನೆ.

ನಾನು ಒಕ್ಕಲುತನ ಮಾಡುತ್ತ ಎರಡು ಭಾಷೆಗಳಲ್ಲಿ ಪದ ಕಟ್ಟುವವನು. ಕನ್ನಡದಲ್ಲಿ ‘ಅಂತೆ’, ತೆಲುಗಿನಲ್ಲಿ ‘ಅಂಟ’, ಮರಾಠಿಯಲ್ಲಿ ‘ಮ್ಹಣೆ’. ಇದು ಕೇಳಿದ ಮಾತು, ಕಂಡದ್ದಲ್ಲ ಎಂದು ತಿಳಿಸಲು ಹಿರಿಯರು ಇಟ್ಟ ಗುರುತು. ಸುದ್ದಿ ನಾಲ್ಕು ಬಾಯಿ ದಾಟುವಷ್ಟರಲ್ಲಿ ಈ ಗುರುತು ಉದುರಿ, ‘ಇಳೀತಂತೆ’ ಎಂಬುದು ‘ಇಳೀತು’ ಆಗುತ್ತದೆ. ಅಪಾಯ ಇರುವುದು ಅಲ್ಲೇ.

ವಾಯುಪಡೆ ನೆಲೆ ಇರುವ ಬೀದರ ಜಿಲ್ಲೆಯದೇ ಮಾತು ನೋಡಿರಿ. 2025ರ ಜನವರಿಯಲ್ಲಿ ಹುಮನಾಬಾದ ತಾಲೂಕಿನ ಜಲಸಂಗಿಯಲ್ಲಿ ಯಂತ್ರದ ಸಮೇತ ಭಾರೀ ಬಲೂನೊಂದು ಬಂದು ಬಿತ್ತು. ಜನ ಗಾಬರಿಯಾದರು. ವಿಚಾರಿಸಿದರೆ ಅದು ಹೈದರಾಬಾದಿನಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಹಾರಿಸಿದ್ದು. ಈ ಬಲೂನುಗಳು 30ರಿಂದ 42 ಕಿ.ಮೀ. ಎತ್ತರ ಏರುತ್ತವೆ. ನಮಗೆ ಇನ್ನೂ ನಸುಕು ಇರುವಾಗಲೇ ಅಷ್ಟು ಎತ್ತರದಲ್ಲಿ ಬಿಸಿಲು ಬಿದ್ದು ಹೊಳೆಯುತ್ತವೆ. ಉಪಕರಣಗಳು ಪ್ಯಾರಾಚೂಟಿನಲ್ಲಿ ಸೋಲಾಪುರದ ದಿಕ್ಕಿಗೂ, 200ರಿಂದ 350 ಕಿ.ಮೀ. ದೂರದವರೆಗೂ ಇಳಿಯಬಹುದು, ಕೆಲವದರಲ್ಲಿ ಜೋರು ಕರೆಂಟು ಇರುತ್ತದೆ, ಮುಟ್ಟದೆ ಪೊಲೀಸರಿಗೆ ತಿಳಿಸಿರಿ ಎಂದು ಸಂಸ್ಥೆಯೇ ಪ್ರಕಟಣೆ ಕೊಡುತ್ತದೆ.

ಕೆಲವು ಸಲ ಕಾರಣ ಸೈನ್ಯದ್ದೇ ಇರುತ್ತದೆ. 2020ರ ಮೇ 20ರಂದು ಮಧ್ಯಾಹ್ನ ಬೆಂಗಳೂರಿನಲ್ಲಿ ಕಿಟಕಿ ನಡುಗುವಂಥ ಸಪ್ಪಳವಾಯಿತು. ಭೂಕಂಪವೆಂದೇ ಸುದ್ದಿ ಹಬ್ಬಿತು. ವಾಯುಪಡೆಯ ವಿಮಾನವೊಂದು ಪರೀಕ್ಷೆಗಾಗಿ ಶಬ್ದಕ್ಕಿಂತ ಹೆಚ್ಚು ವೇಗದಲ್ಲಿ ಹಾರಿತ್ತೆಂದು ರಕ್ಷಣಾ ಇಲಾಖೆ ಹೇಳಿದ್ದು ತಡವಾಗಿ. ಸರಕಾರ ಬಾಯಿ ಬಿಡುವಷ್ಟರಲ್ಲಿ ಊರೇ ಕಥೆ ಕಟ್ಟಿ ಮುಗಿಸಿರುತ್ತದೆ.

ವದಂತಿ ಆಕಾಶದಲ್ಲೇ ಉಳಿದರೆ ನಕ್ಕು ಬಿಡಬಹುದು. ಆದರೆ ಕಾಣದ್ದನ್ನು ಕಂಡಂತೆ ನಂಬುವ ಚಟ ನೆಲಕ್ಕೂ ಇಳಿಯುತ್ತದೆ. ನಮ್ಮದೇ ತಾಲೂಕಿನ ಲವಂಗಾದಲ್ಲಿ 2022ರ ಸೆಪ್ಟೆಂಬರ್ 13ರಂದು ಪಂಢರಪುರಕ್ಕೆ ಹೊರಟಿದ್ದ ಉತ್ತರ ಪ್ರದೇಶದ ನಾಲ್ವರು ಸಾಧುಗಳಿಗೆ ಬಡಿಗೆ ಏಟು ಬಿತ್ತು. ಅವರು ಮಾಡಿದ್ದು ಹುಡುಗನೊಬ್ಬನಿಗೆ ದಾರಿ ಕೇಳಿದ್ದು. ಮಕ್ಕಳ ಕಳ್ಳರೆಂಬ ಸಂಶಯಕ್ಕೆ ಅಷ್ಟೇ ಸಾಕಾಯಿತು. ಪುಣ್ಯಕ್ಕೆ ಜೀವ ಉಳಿಯಿತು. ನೆರೆಯ ಮಂಗಳವೇಢೆ ಕಡೆಯ ಗೋಸಾವಿಗಳಿಗೆ ಆ ಪುಣ್ಯವೂ ಇರಲಿಲ್ಲ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ, ಭಿಕ್ಷೆಗೆ ಹೋದ ಐವರನ್ನು ಇದೇ ಸಂಶಯದಿಂದ ಜನ ಬಡಿದು ಕೊಂದರು. ಅಲ್ಲಿ ಮಕ್ಕಳನ್ನು ಕದ್ದದ್ದನ್ನು ಕಂಡವರು ಯಾರು? ಯಾರೂ ಇಲ್ಲ.

ಆದ್ದರಿಂದ ಅಧಿಕಾರಿಗಳಿಗೆ ಒಂದು ಮಾತು. ಬಲೂನು ಹಾರಿಸುವಾಗ, ವಿಮಾನದ ಪರೀಕ್ಷೆ ನಡೆಸಿದಾಗ ಗುಟ್ಟು ಬಿಡಬೇಕೆಂದು ನಾವು ಕೇಳುವುದಿಲ್ಲ. ‘ಇದು ನಮ್ಮದು, ಹೆದರಬೇಡಿರಿ’ ಎಂಬಷ್ಟನ್ನು ಅದೇ ದಿನ ಹೇಳಲಿ. ಜತ್ತದ ಕನ್ನಡ ಹಳ್ಳಿಗಳಲ್ಲಿ ಪೊಲೀಸ್ ಪಾಟೀಲರು ಅದನ್ನು ಮರಾಠಿಯ ಜತೆ ಕನ್ನಡದಲ್ಲೂ ಚಾವಡಿ ಮುಂದೆ ಓದಿ ಹೇಳಲಿ. ತಿಳಿಯದ ಭಾಷೆಯ ಪ್ರಕಟಣೆ ಗೋಡೆಗೆ ಅಂಟಿದ ಕಾಗದ ಅಷ್ಟೇ.

ರೈತ ಬಾಂಧವರಿಗೂ ವ್ಯಾಪಾರಸ್ಥರಿಗೂ ಇನ್ನೊಂದು ಮಾತು. ಕಾಳು ಕೊಳ್ಳುವಾಗ ಚೀಲದಲ್ಲಿ ಕೈ ಹಾಕಿ ನೋಡುವವರು ನಾವು. ಸುದ್ದಿ ಕೊಳ್ಳುವಾಗಲೂ ಹಾಗೇ ಕೇಳೋಣ: ಕಂಡವರಾರು, ಯಾವಾಗ, ಎಲ್ಲಿ? ಉತ್ತರ ಸಿಗದಿದ್ದರೆ ಅದನ್ನು ಮುಂದೆ ದಾಟಿಸುವುದು ಬೇಡ. ದಾಟಿಸಲೇಬೇಕೆಂದರೆ ‘ಅಂತೆ’ಯನ್ನಾದರೂ ಕೈಬಿಡಬ್ಯಾಡ್ರಿ.