ಶೋಕೇಸಿಗೆ ಬಂದ ಹೊಸ ನೆಂಟ

ಮಕ್ಕಳೇ, ಬೇಲೂರಿನ ಚೆನ್ನಕೇಶವ ಗುಡಿಯ ಜಗತಿಯನ್ನು ಗಮನಿಸಿದ್ದೀರಾ? ಗುಡಿಯ ಆಕಾರದಂತೆಯೇ ಅದೂ ಮೂಲೆಮೂಲೆಯಾಗಿದೆ, ಆದರೆ ಗುಡಿಗಿಂತ ಅಗಲ. ಗರ್ಭಗುಡಿಯ ಸುತ್ತ ಒಳದಾರಿ ಇಲ್ಲದ ಕಾರಣ ಪ್ರದಕ್ಷಿಣೆ ಹಾಕುವುದು ಜಗತಿಯ ಮೇಲೆ. ಹಳೇಬೀಡಿನಲ್ಲೂ ಹಾಗೆಯೇ. ಸುತ್ತ ಜಾಗ ಬಿಟ್ಟು ಕಟ್ಟಿದ್ದಾರೆ.

ನಿಮ್ಮ ಗೇಮ್ ಪೆಟ್ಟಿಗೆಗೂ ಇಂಥದೊಂದು ಜಗತಿ ಬೇಕು. ಪ್ಲೇಸ್ಟೇಷನ್ 5 ನಮ್ಮ ದೇಶಕ್ಕೆ ಬಂದದ್ದು 2021ರ ಫೆಬ್ರುವರಿಯಲ್ಲಿ. ಆ ಮೊದಲ ಮಾದರಿಯ ಎತ್ತರ 39 ಸೆಂ.ಮೀ., ಆಳ 26, ದಪ್ಪ ಸುಮಾರು 10. ಶೋಕೇಸಿನ ಚಿಕ್ಕ ಗೂಡಿನಲ್ಲಿ ನಿಲ್ಲಿಸಿದರೆ ತಲೆ ತಾಗುತ್ತದೆ. ಮಲಗಿಸಿದರೆ ಹಿಡಿಸೀತು. ಹಿಡಿಸಿದರಷ್ಟೇ ಸಾಲದು. ಆಡುವಾಗ ಒಳಗಿನ ಚಿಪ್ ಕಾಯುತ್ತದೆ. ಫ್ಯಾನು ಮುಂದಿನಿಂದ ತಣ್ಣನೆ ಗಾಳಿ ಎಳೆದು ಹಿಂದಿನಿಂದ ಬಿಸಿಗಾಳಿ ತಳ್ಳುತ್ತದೆ. ಗಾಜಿನ ಬಾಗಿಲು ಮುಚ್ಚಿದ್ದರೆ ಅದೇ ಬಿಸಿಗಾಳಿ ಮತ್ತೆ ಒಳಕ್ಕೆ! ಫ್ಯಾನು ಗೋಳಿಡುತ್ತದೆ, ಕೊನೆಗೆ ಪೆಟ್ಟಿಗೆ ತಾನೇ ಆರಿಹೋಗುತ್ತದೆ.

ಹಾಗೆಂದು ಅಜ್ಜ ಅಜ್ಜಿಯ ಮದುವೆ ಫೋಟೊ ತೆಗೆದು ಜಾಗ ಮಾಡಬೇಡಿ. ಅರಸೀಕೆರೆಯಿಂದ ಬೇಲೂರಿನವರೆಗೆ ಎಷ್ಟೋ ಮನೆಗಳ ಶೋಕೇಸಿನಲ್ಲಿ ಹಳೆಯ ಡಬ್ಬಿ ಟಿ.ವಿ.ಗೆಂದು ಮಾಡಿಸಿದ ದೊಡ್ಡ ಗೂಡು ಇರುತ್ತದೆ. ಟಿ.ವಿ. ಗೋಡೆ ಏರಿದ ಮೇಲೆ ಅದು ಖಾಲಿ. ಅಗಲವೂ ಆಳವೂ ಇರುವ, ಬಾಗಿಲಿಲ್ಲದ ಆ ಗೂಡೇ ಸರಿಯಾದ ಜಾಗ.

ಕೊಳ್ಳುವ ಮೊದಲೇ ಹಳೆಯ ಪತ್ರಿಕೆಯನ್ನು 39, 26ರ ಅಳತೆಗೆ ಕತ್ತರಿಸಿ ಅಲ್ಲಿ ಹಾಸಿ. ಅಜ್ಜ ಟೇಪು ಹಿಡಿಯಲಿ. ಕಾಗದದ ಸುತ್ತ, ಹಿಂದೆಯೂ, 10 ಸೆಂ.ಮೀ. ಉಳಿಯಿತೇ? ಮೇಲೆಯೂ ಅಷ್ಟು ಜಾಗ ಇದೆಯೇ? ಇದ್ದರೆ ಗಾಳಿ ನಿರಾಳವಾಗಿ ಪ್ರದಕ್ಷಿಣೆ ಹಾಕುತ್ತದೆ. ಫೋಟೊವೂ ತನ್ನ ಜಾಗದಲ್ಲೇ ಇರುತ್ತದೆ.