ತಂತಿಯೋ, ಅಲೆಯೋ?

ಮನೆಯಲ್ಲಿ ಗಣಕಯಂತ್ರ ಒಂದೇ ಇದ್ದಾಗ ಎಲ್ಲವೂ ಸುಗಮ. ಅದು ಮೂರಾದೊಡನೆ ತಕರಾರು ತಲೆಯೆತ್ತುತ್ತದೆ. ಮಗಳು ಒಳಕೋಣೆಯಲ್ಲಿ ಕುಳಿತು ಉದ್ಯೋಗದ ಸಂದರ್ಶನಕ್ಕೆ ಉತ್ತರ ಕೊಡುತ್ತಿರುವಂತೆಯೇ ಪರದೆಯ ಮೇಲಿನ ಮುಖಗಳು ಸ್ತಬ್ಧವಾಗುತ್ತವೆ. “ನಿನ್ನಿಂದಲೇ ಕಣೋ!” ಎಂಬ ಆರೋಪ, ಹಜಾರದಲ್ಲಿ ಚಲನಚಿತ್ರ ನೋಡುತ್ತಿರುವ ತಮ್ಮನ ಮೇಲೆ ಬೀಳುತ್ತದೆ.

ತಪ್ಪು ತಮ್ಮನದೊಂದೇ ಅಲ್ಲ. ವೈಫೈ ನಡೆಯುವುದು ರೇಡಿಯೋ ಅಲೆಗಳ ಮೂಲಕ. ಒಂದೇ ಚಾನೆಲ್ಲಿನ ಯಂತ್ರಗಳು ಸಾಮಾನ್ಯವಾಗಿ ಸರದಿಯಂತೆಯೇ ಮಾತನಾಡಬೇಕು. ಗೋಡೆಗಳಾಚೆಯ ಯಂತ್ರಕ್ಕೆ ಅಲೆ ಕ್ಷೀಣವಾಗುವುದರಿಂದ ಅದರ ಮಾತು ನಿಧಾನ. ಉಳಿದವೂ ಅಷ್ಟು ಹೊತ್ತು ಕಾಯಬೇಕು. 5 ಗಿಗಾಹರ್ಟ್ಸ್ ಅಲೆಗೆ ವೇಗವುಂಟು, ಗೋಡೆ ದಾಟುವ ಶಕ್ತಿ ಕಡಿಮೆ. 2.4 ಗಿಗಾಹರ್ಟ್ಸ್ ಅಲೆ ಹೆಚ್ಚು ದೂರ ಸಾಗುತ್ತದೆ; ಆದರೆ ನೆರೆಮನೆಯ ವೈಫೈಯೂ ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಅದಕ್ಕೆ ಅಡ್ಡಬರುತ್ತವೆ.

ತಂತಿಗೆ ಈ ತೊಡಕಿಲ್ಲ. 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಕಲ್ಪಿಸಿದ ಈಥರ್‌ನೆಟ್ಟಿನಲ್ಲಿ ಮೊದಲು ಎಲ್ಲ ಯಂತ್ರಗಳಿಗೂ ಒಂದೇ ತಂತಿ. ಈಗ ಪ್ರತಿಯೊಂದಕ್ಕೂ ಬೇರೆ ಬೇರೆ. 100 ಮೀಟರಿನವರೆಗೆ ಎಳೆಯಬಹುದು. ರೂಟರಿನಲ್ಲಿ ಕಿಂಡಿಗಳು ಸಾಲದಿದ್ದರೆ ನೆಟ್‌ವರ್ಕ್ ಸ್ವಿಚ್ ಎಂಬ ಸಣ್ಣ ಪೆಟ್ಟಿಗೆಯೊಂದು ಸಾಕು. ಅದರ ಬದಲು ಹಳೆಯ ರೂಟರನ್ನು ಹಾಗೆಯೇ ಸಿಕ್ಕಿಸಿದರೆ ಒಂದು ಮನೆಗೆ ಇಬ್ಬರು ಯಜಮಾನರಾದಂತೆ. ಎರಡೂ ರೂಟರುಗಳು ವಿಳಾಸ ಹಂಚತೊಡಗಿ ಗೊಂದಲವಾಗಬಹುದು.

ಹೊರಗಿನಿಂದ ಬರುವ ಸಂಪರ್ಕವೇ ಕಿರಿದಾಗಿದ್ದರೆ ತಂತಿಯೂ ಅದನ್ನು ಹಿಗ್ಗಿಸಲಾರದು. ಅದು ಸಾಕಷ್ಟಿದ್ದರೆ ಸೂತ್ರ ಸುಲಭ: ಕುಳಿತಲ್ಲೇ ಇರುವುದಕ್ಕೆ ತಂತಿ, ಓಡಾಡುವುದಕ್ಕೆ ಅಲೆ. ಮುಂದಿನ ಸಂದರ್ಶನಕ್ಕೆ ಮುನ್ನ ಮಗಳ ಮೇಜಿಗೊಂದು ತಂತಿ ಎಳೆದರೆ, ತಮ್ಮನ ಚಿತ್ರವೂ ನಿಲ್ಲದು, ಅಕ್ಕನ ಮಾತೂ ತುಂಡಾಗದು.